ಪಕ್ಕದವರು ಮುಗಿಸುವ ತನಕ

ಲೆಕ್ಕದ ಮೇಷ್ಟ್ರಿಗೆ ಆ ಬಿಳಿ ಡಬ್ಬ ಕಂಡರೆ ಆಗುತ್ತಿರಲಿಲ್ಲ. ಆರನೇ ತರಗತಿಯ ಬೋರ್ಡಿನ ಮೇಲ್ಗಡೆ, ಹಿಂದೆ ಗಡಿಯಾರವಿದ್ದ ಮೊಳೆಗೇ ಅದನ್ನು ಸಿಕ್ಕಿಸಿದ್ದರು. ಗಡಿಯಾರವನ್ನು ಎಲ್ಲಿ ಬಿಸಾಡಿದರೋ ದೇವರಿಗೇ ಗೊತ್ತು. ಡಬ್ಬದಲ್ಲಿ ಮೂರು ಹಸಿರು ದೀಪ ಮಿಣಮಿಣ ಅಂದರೆ ನೆಟ್ ಇದೆ ಅಂತ, ಒಂದು ಆರಿದರೂ ಇಲ್ಲ ಅಂತ. ಇಪ್ಪತ್ತಾರು ವರ್ಷ ಮಕ್ಕಳ ಮುಖ ನೋಡಿಕೊಂಡು ಪಾಠ ಮಾಡಿದ ಮನುಷ್ಯ ಈಗ ದೀಪ ನೋಡಿಕೊಂಡು ಪಾಠ ಮಾಡಬೇಕು! ಇದಕ್ಕಿಂತ ಕರ್ಮ ಇನ್ನೇನಿದೆ?

ಡಬ್ಬದ ಜೊತೆಗೇ ಹೊಸ ಥರದ ಪರೀಕ್ಷೆಯೂ ಬಂದಿತ್ತು. ಮಕ್ಕಳಿಗೆ ತಲಾ ಒಂದು ಟ್ಯಾಬ್, ಮೇಷ್ಟ್ರಿಗೆ ಒಂದು ಲ್ಯಾಪ್‌ಟಾಪ್. ಟ್ಯಾಬಿನಲ್ಲಿ ಒಂದು ಲೆಕ್ಕ, ಅದರ ಕೆಳಗೆ ನಾಲ್ಕು ಉತ್ತರ. ಕಾಗದದ ಮೇಲೆ ಲೆಕ್ಕ ಮಾಡಿ, ಸರಿಯುತ್ತರ ಮುಟ್ಟಿ, ‘ಕಳಿಸು’ ಅನ್ನುವ ಬಟನ್ ಒತ್ತಬೇಕು. ನಲವತ್ತು ಸೆಕೆಂಡಿನೊಳಗೆ ಒತ್ತದಿದ್ದರೆ ಆ ಲೆಕ್ಕ ಹೋಯಿತು, ಮುಂದಿನದು ಬಂತು. ಹೀಗೆ ಹತ್ತು ಲೆಕ್ಕ. ಆರಾದರೂ ಸರಿಯಾದರೆ ಮೇಷ್ಟ್ರ ಪರದೆಯಲ್ಲಿ ಆ ಮಗುವಿನ ಚೌಕ ಹಸಿರು, ಇಲ್ಲದಿದ್ದರೆ ಕೆಂಪು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಚಾರ್ಜರಿನ ವೈರು ಗೋಡೆಯಿಂದ ಮೇಜಿಗೆ ಬಿಗಿದುಕೊಂಡು ನಿಂತಿರುತ್ತಿತ್ತು, ಯಾರಾದರೂ ಎಡವಿದರೆ ಇಡೀ ಪರೀಕ್ಷೆಯೇ ಗೋವಿಂದ. ಹಾಗಾಗಿ ಮೇಷ್ಟ್ರು ವೈರಿಗೆ ಕಾಲು ಅಡ್ಡ ಇಟ್ಟುಕೊಂಡು, ಮೂವತ್ತೆಂಟು ಚೌಕಗಳ ಮೇಲೆ ಕಣ್ಣು ನೆಟ್ಟು, ಎದ್ದು ಓಡಾಡದೆ ಕೂತಿರುತ್ತಿದ್ದರು.

ಮೊದಲನೇ ಪರೀಕ್ಷೆಯಲ್ಲಿ ಒಂಬತ್ತು ಹಸಿರು. ಎರಡನೆಯದರಲ್ಲಿ ಏಳು. ಮಿಕ್ಕಿದ್ದೆಲ್ಲ ಕೆಂಪು, ಚೌಕದೊಳಗೆ ‘ಉತ್ತರ ಬಂದಿಲ್ಲ, ಉತ್ತರ ಬಂದಿಲ್ಲ’ ಅಂತ ಸಾಲುಸಾಲು. ಮನಸ್ಸಿನಲ್ಲೇ ಮಗ್ಗಿ ಹೇಳಿ ಮುಗಿಸುವ ಪಟಾಕಿಯದೂ ಕೆಂಪು! ಮೇಷ್ಟ್ರು ಅವಳಿಗೆ ಆ ಅಡ್ಡಹೆಸರಿಟ್ಟಿದ್ದೇ ಅವಳ ವೇಗ ನೋಡಿ. ಅವಳಿಗೇ ಉತ್ತರ ಬಂದಿಲ್ಲ ಅಂದರೆ ಅದು ಡಬ್ಬದ ತಪ್ಪಲ್ಲದೆ ಇನ್ನ್ಯಾರದು? “ಈ ದರಿದ್ರ ಡಬ್ಬ ಸರಿ ಇಲ್ಲ” ಅಂತ ಮೇಷ್ಟ್ರು ತರಗತಿಯಲ್ಲೇ ಕೂಗಾಡಿದರು. ಮಕ್ಕಳೂ ಹೌದು ಸಾರ್ ಅಂತ ತಲೆ ಆಡಿಸಿದವು.

ಹೆಡ್ ಮೇಡಂ ಕರೆಸಿದರು. ಅವರು ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಎಂಟು ವರ್ಷ ಚಿಕ್ಕವರು. ಒಂದು ಕಾಲಕ್ಕೆ ಇಬ್ಬರೂ ಸ್ಟಾಫ್ ರೂಮಿನಲ್ಲಿ ಒಂದೇ ಬೀರುವಿನಲ್ಲಿ ಪುಸ್ತಕ ಇಡುತ್ತಿದ್ದವರು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಎಲ್ಲಾ ಸೆಕ್ಷನ್ನೂ ಹಸಿರಾಗಿದೆ, ನಿಮ್ಮದು ಒಂದೇ ಹೀಗೆ. ನಾನು ಮೇಲಿನವರಿಗೆ ಏನಂತ ಉತ್ತರ ಕೊಡ್ಲಿ?”

“ನೆಟ್ ಇಲ್ಲ ಅಂತ ಕೊಡಿ, ಮೇಡಂ.”

“ಅದೇ ನೆಟ್ಟಲ್ಲಿ ಪಕ್ಕದ ಸೆಕ್ಷನ್ ಪಾಸಾಗಿದೆಯಲ್ಲ?” ಮೇಡಂ ಪೇಪರ್‌ವೆಯ್ಟನ್ನು ಸ್ವಲ್ಪ ಹೊತ್ತು ತಿರುಗಿಸಿದರು. “ಶುಕ್ರವಾರ ಮೂರನೇ ಪರೀಕ್ಷೆ. ಅದೂ ಕೆಂಪಾದ್ರೆ ಆರನೇ ತರಗತೀನ ಕಂಪ್ಯೂಟರ್ ಟೀಚರ್‌ಗೆ ಕೊಡ್ಬೇಕಾಗುತ್ತೆ. ನೀವು ಲೈಬ್ರರಿ ನೋಡ್ಕೊಳ್ಳಿ. ಓಡಾಟ ಕಡಿಮೆ, ನಿಮ್ಮ ಮಂಡಿಗೂ ಒಳ್ಳೇದು.”

ಮಂಡಿಗೂ ಒಳ್ಳೇದಂತೆ! ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಲೈಬ್ರರಿ ಅಂದರೆ ಎರಡು ಬೀರು, ಒಂದು ಉದ್ದ ಮೇಜು, ಒಂದು ನರಪಿಳ್ಳೆಯೂ ಬರದ ಕೋಣೆ. ಅಲ್ಲಿಗೆ ಎತ್ತಂಗಡಿ ಅಂದರೆ ಮೇಷ್ಟ್ರುಗಿರಿ ಅಲ್ಲಿಗೆ ಮುಗಿದ ಹಾಗೆಯೇ. ಬೇರೆ ಯಾವ ತರಗತಿ ಕಿತ್ತುಕೊಂಡಿದ್ದರೂ ಅವರು ಇಷ್ಟು ಕುದಿಯುತ್ತಿರಲಿಲ್ಲ. ಆರನೆಯದು ಅವರೇ ಕಟ್ಟಿದ್ದು.

ಕಟ್ಟಿದ್ದು ಹೇಗೆ ಅಂತ ಹೇಳಬೇಕು. ಮೇಷ್ಟ್ರು ಹೊಸದಾಗಿ ಕೆಲಸಕ್ಕೆ ಸೇರಿದಾಗ ಚುರುಕು ಮಕ್ಕಳು ಲೆಕ್ಕ ಮುಗಿದ ಕೂಡಲೇ “ಆಯ್ತು ಸಾರ್!” ಅಂತ ಕಿರುಚಿ ಪುಸ್ತಕ ತಂದು ಮೇಜಿಗೆ ಬಡಿಯುತ್ತಿದ್ದರು. ಆ ಸದ್ದಿಗೆ ನಿಧಾನದ ಮಕ್ಕಳು ಅಲ್ಲಿಗೇ ಪೆನ್ಸಿಲ್ ಇಟ್ಟುಬಿಡುತ್ತಿದ್ದರು. ಬರುತ್ತಿದ್ದ ಲೆಕ್ಕವೂ ಬರುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಸಾಕಾಗಿ ಮೇಷ್ಟ್ರು ಒಂದು ಕಾನೂನು ಮಾಡಿದರು: ಪಕ್ಕದವರು ಮುಗಿಸುವ ತನಕ ಪೆನ್ಸಿಲ್ ಕೆಳಗೆ, ಕೈ ತೊಡೆ ಮೇಲೆ, ಬಾಯಿಗೆ ಬೀಗ. ಒಂದು ಬೆಂಚಿನ ಎರಡು ಪುಸ್ತಕ ಒಂದರ ಮೇಲೊಂದು ಜೋಡಿಯಾಗೇ ಬರಬೇಕು. ಆವತ್ತಿನಿಂದ ಅವರ ತರಗತಿಯಲ್ಲಿ ಲೆಕ್ಕ ಬಿಟ್ಟೆದ್ದ ಮಗು ಇಲ್ಲ.

ಪಟಾಕಿಯ ಪಕ್ಕ ಕೂರುತ್ತಿದ್ದವಳು ರಬ್ಬರಮ್ಮ. ಬರೆಯುತ್ತಾಳೆ, ಉಜ್ಜುತ್ತಾಳೆ, ಮತ್ತೆ ಬರೆಯುತ್ತಾಳೆ. ಕಾಗದ ತೂತಾಗುವ ತನಕ ಉಜ್ಜಿ, ಕೊನೆಗೆ ಸರಿಯುತ್ತರಕ್ಕೇ ಬಂದು ನಿಲ್ಲುತ್ತಾಳೆ. ಪಟಾಕಿ ತೊಡೆಯ ಮೇಲೆ ಕೈಯಿಟ್ಟು, ಕಾಲು ಕುಣಿಸುತ್ತಾ ಅವಳಿಗಾಗಿ ಕಾಯುತ್ತಿದ್ದಳು. ಬೆಂಕಿಯಂಥ ಹುಡುಗಿ ಹಾಗೆ ಕಾಯುವುದನ್ನು ನೋಡುವುದೇ ಮೇಷ್ಟ್ರಿಗೆ ಒಂದು ಹೆಮ್ಮೆ.

ಸರಿ, ಕಂಪ್ಯೂಟರ್ ಟೀಚರ್ ಬಂದು ಡಬ್ಬ ಬಿಚ್ಚಿದಳು, ಜೋಡಿಸಿದಳು, ಮೂವತ್ತೆಂಟು ಟ್ಯಾಬನ್ನೂ ಒಂದೊಂದಾಗಿ ಒತ್ತಿ ನೋಡಿದಳು. “ಎಲ್ಲಾ ಸರಿ ಇದೆ ಸಾರ್.”

“ಸರಿ ಇದ್ರೆ ಪಟಾಕಿ ಉತ್ತರ ಎಲ್ಲಿ ಹೋಯ್ತು? ನಿಮ್ಮ ಡಬ್ಬ ನುಂಗಿಬಿಡ್ತಾ? ನನ್ನ ಕ್ಲಾಸ್ ನಿಮಗೆ ಬರುತ್ತಲ್ಲ, ನಿಮಗೇನು!”

ಟೀಚರ್ ಮುಖ ಸಣ್ಣದಾಯಿತು. “ನಾನು ಕೇಳ್ಕೊಂಡಿಲ್ಲ ಸಾರ್” ಅಂತಷ್ಟೇ ಹೇಳಿ ಸ್ಕ್ರೂಡ್ರೈವರನ್ನು ಬ್ಯಾಗಿಗೆ ಹಾಕಿಕೊಂಡಳು. ಅಂದಿದ್ದು ಹೆಚ್ಚಾಯಿತು ಅಂತ ಮೇಷ್ಟ್ರಿಗೆ ಗೊತ್ತಾಯಿತು. ಗೊತ್ತಾದರೂ ಮುಖ ತಿರುಗಿಸಿಕೊಂಡು ಬೋರ್ಡ್ ಒರೆಸತೊಡಗಿದರು.

ಸಂಜೆ ಮನೆಯಲ್ಲಿ ಅಕ್ಕನ ಮುಂದೆ ಎಲ್ಲ ಕಾರಿಕೊಂಡರು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಎದ್ದು ಬಂದವಳು. ತಮ್ಮನ ಕೂಗಾಟ ಅವಳಿಗೆ ಹೊಸದಲ್ಲ. ಒಗೆದ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು.

“ಲೈನ್ ಸತ್ತಿದೆ ಅಂತ ನನ್ಹತ್ರ ಜಗಳ ಆಡೋರಲ್ಲಿ ಅರ್ಧ ಜನ ರಿಸೀವರನ್ನೇ ಸರಿಯಾಗಿ ಇಟ್ಟಿರ್ತಿರ್ಲಿಲ್ಲ ಕಣೋ. ಅದಿರ್ಲಿ, ಪರೀಕ್ಷೆ ನಡೀವಾಗ ಮಕ್ಕಳು ಏನ್ ಮಾಡ್ತಿದ್ವು?”

“ಏನ್ ಮಾಡ್ತವೆ ಅಕ್ಕ, ಲೆಕ್ಕ ಮಾಡ್ತಿದ್ವು.”

“ನೀನು ನೋಡಿದ್ಯಾ?”

ಮೇಷ್ಟ್ರು ನೋಡಿರಲಿಲ್ಲ. ಚೌಕ ನೋಡಿದ್ದರು, ದೀಪ ನೋಡಿದ್ದರು, ವೈರು ನೋಡಿದ್ದರು.

ಮಾರನೇ ದಿನ ಬೆಳಿಗ್ಗೆ ಮೇಷ್ಟ್ರು ಮುಖ ಗಂಟು ಹಾಕಿಕೊಂಡೇ ಕಂಪ್ಯೂಟರ್ ಟೀಚರ್ ಹತ್ತಿರ ಹೋಗಿ, ಒಂದು ಅಭ್ಯಾಸ ಪರೀಕ್ಷೆ ಹಾಕಿ ಕೊಡುತ್ತೀರಾ ಅಂತ ಕೇಳಿದರು. ಪಾಪ, ಅವಳು ಹಿಂದಿನ ದಿನದ್ದು ಏನನ್ನೂ ಎತ್ತಲಿಲ್ಲ. ತಾನೇ ಲ್ಯಾಪ್‌ಟಾಪ್ ಮುಂದೆ ಕೂತಳು. ಮೇಷ್ಟ್ರು ಎಷ್ಟೋ ದಿನದ ಮೇಲೆ ಬೆಂಚುಗಳ ನಡುವೆ ಕಾಲಾಡಿಸಿದರು.

ಮೊದಲನೇ ಲೆಕ್ಕ ಬಂತು. ಪಟಾಕಿ ಕಾಗದದ ಮೇಲೆ ಎರಡು ಗೆರೆ ಎಳೆದು, ಸರಿಯುತ್ತರ ಮುಟ್ಟಿದಳು. ಹನ್ನೆರಡು ಸೆಕೆಂಡೂ ಆಗಿರಲಿಲ್ಲ. ಆಮೇಲೆ ಪೆನ್ಸಿಲ್ ಕೆಳಗಿಟ್ಟಳು, ಕೈ ತೊಡೆಯ ಮೇಲಿಟ್ಟಳು, ಕಾಲು ಕುಣಿಸುತ್ತಾ ಕೂತಳು. ಪಕ್ಕದಲ್ಲಿ ರಬ್ಬರಮ್ಮ ಉಜ್ಜುತ್ತಿದ್ದಳು. ಟ್ಯಾಬಿನಲ್ಲಿ ಸೆಕೆಂಡು ತೋರಿಸುವ ಪಟ್ಟಿ ಸಣ್ಣಗಾಗುತ್ತಾ ಬಂದು ಕೆಂಪಾಯಿತು. ಲೆಕ್ಕ ಹೋಯಿತು, ಮುಂದಿನದು ಬಂತು.

ಮೇಷ್ಟ್ರು ಕತ್ತೆತ್ತಿ ಇಡೀ ತರಗತಿ ನೋಡಿದರು. ಪ್ರತಿ ಬೆಂಚಿನಲ್ಲೂ ಒಬ್ಬರು ಬರೆಯುತ್ತಿದ್ದಾರೆ, ಒಬ್ಬರು ತೊಡೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಾರೆ. ಇಬ್ಬರೂ ಚುರುಕಾಗಿದ್ದ ಮೂರ್ನಾಲ್ಕು ಬೆಂಚಿನಿಂದ ಮಾತ್ರ ಟಿಣ್ ಟಿಣ್ ಅಂತ ಉತ್ತರ ಹೋಗುತ್ತಿತ್ತು. ಮೇಷ್ಟ್ರು ಪಟಾಕಿಯ ಕಡೆ ಬಗ್ಗಿದರು.

“ಯಾಕೆ ಒತ್ತಲಿಲ್ಲ ನೀನು?”

“ಅವಳದ್ದು ಇನ್ನೂ ಆಗಿಲ್ಲ ಸಾರ್” ಅಂದಳು ಪಟಾಕಿ, ಇದೇನು ಕೇಳುತ್ತೀರಿ ಅನ್ನುವ ಹಾಗೆ.

“ಟೈಮ್ ಹೋಗ್ತಿತ್ತಲ್ಲೇ! ನನಗೊಂದು ಮಾತು ಹೇಳೋದಲ್ವಾ?”

“ಡಬ್ಬ ಸರಿ ಇಲ್ಲ ಅಂದ್ರಲ್ಲ ಸಾರ್. ಕಾಯ್ಬೇಕು ಅಂತಾನೂ ನೀವೇ ಹೇಳಿದ್ರಲ್ಲ ಸಾರ್.”

ಬೈಯಲು ಯಾರೂ ಸಿಗಲಿಲ್ಲ. ಅದನ್ನೇ ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ದಿನ ಡಬ್ಬಕ್ಕೆ ಬೈದು, ಟೀಚರಿಗೆ ಬೈದು, ಕೊನೆಗೆ ಕಾನೂನು ಮಾಡಿದವನು ತಾನೇ ಅಂತಾದರೆ ಎಲ್ಲಿ ಹೋಗಿ ತಲೆ ಚಚ್ಚಿಕೊಳ್ಳುವುದು?

ಕಂಪ್ಯೂಟರ್ ಟೀಚರ್‌ಗೆ ವಿಷಯ ಹೇಳಿದರು. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. “ಇದ್ರಲ್ಲಿ ಟೈಮ್ ತೆಗೆಯೋಕೆ ಒಂದು ಬಟನ್ ಇದೆ ಸಾರ್, ಯಾರೂ ಮುಟ್ಟಲ್ಲ ಅಷ್ಟೆ” ಅಂತ ಒತ್ತಿ ತೋರಿಸಿದಳು. ಸೆಕೆಂಡಿನ ಪಟ್ಟಿ ಮಾಯವಾಯಿತು. ಮಕ್ಕಳು ತಮ್ಮ ಪಾಡಿಗೆ ತಾವು ಕಾದರು, ಜೋಡಿ ಜೋಡಿಯಾಗಿ ಒತ್ತಿದರು. ಮೂವತ್ತೈದು ಹಸಿರು! ರಬ್ಬರಮ್ಮನಿಗೆ ಹತ್ತಕ್ಕೆ ಒಂಬತ್ತು. ತಪ್ಪಿದ್ದು ಒಂದೇ ಒಂದು ಭಿನ್ನರಾಶಿಯ ಲೆಕ್ಕ, ಅದನ್ನು ಯಾವ ಹೆಜ್ಜೆಯಲ್ಲಿ ತಪ್ಪಿರಬಹುದು ಅಂತಲೂ ಪರದೆ ಬೆರಳಿಟ್ಟು ತೋರಿಸಿತು. ಮೂವತ್ತೆಂಟು ಪುಸ್ತಕ ತಿದ್ದಿ ಇಷ್ಟು ಕಂಡುಹಿಡಿಯಲು ಮೇಷ್ಟ್ರಿಗೆ ಒಂದು ಭಾನುವಾರ ಪೂರ್ತಿ ಬೇಕಿತ್ತು. “ಪರವಾಗಿಲ್ಲ ನಿಮ್ಮ ಡಬ್ಬ” ಅಂದರು. ಆಮೇಲೆ, ಕಷ್ಟಪಟ್ಟು, “ನಿನ್ನೆ ಅಂದಿದ್ದು ಮನಸ್ಸಿಗೆ ಹಚ್ಕೋಬೇಡಿ ಟೀಚರ್” ಅಂತ ಸೇರಿಸಿದರು.

ಆ ಅಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೆಡ್ ಮೇಡಂ ಕೋಣೆಗೆ ಓಡಿದರು. ಮಂಡಿನೋವು ನೆನಪೇ ಇರಲಿಲ್ಲ.

ಮೇಡಂ ಪೂರ್ತಿ ಕೇಳಿದರು. ಬೇಜಾರೂ ಪಟ್ಟುಕೊಂಡರು. “ನಿಜವಾಗ್ಲೂ ಒಳ್ಳೇ ಪದ್ಧತಿ ಮೇಷ್ಟ್ರೇ. ಆದ್ರೆ ಎಲ್ಲರಿಗೂ ನಲವತ್ತು ಸೆಕೆಂಡು, ನಿಮಗೊಬ್ಬರಿಗೆ ಬೇರೆ ಅಂದ್ರೆ ಹೇಗೆ? ಅಂಕ ಹೋಲಿಸಿ ನೋಡೋರು ಮೇಲಿದಾರೆ, ನಾನಲ್ಲ.” ಹಾಳೆಯನ್ನು ವಾಪಸ್ ಕೊಡುತ್ತಾ ಹೇಳಿದರು: “ಒಂದೇ ಒಂದು ದಿನ ಕಾಯ್ಬೇಡಿ ಅಂತ ಹೇಳಿಬಿಡಿ. ಅಷ್ಟರಲ್ಲಿ ಏನಾಗಿ ಹೋಗುತ್ತೆ?”

ಏನಾಗಿ ಹೋಗುತ್ತೆ? ಮೇಷ್ಟ್ರು ಎರಡು ದಿನ ಇದನ್ನೇ ಮೆಲುಕು ಹಾಕಿದರು. ಹೇಳದಿದ್ದರೆ ತರಗತಿಯೇ ಕೈತಪ್ಪುತ್ತದೆ. ತರಗತಿ ಕೈತಪ್ಪಿದರೆ ಈ ಕಾನೂನನ್ನು ಆಮೇಲೆ ಯಾರು ಉಳಿಸುತ್ತಾರೆ? ಒಂದು ದಿನ ತಾನೇ. ಲೈಬ್ರರಿಯ ಆ ಉದ್ದ ಮೇಜು ಕಣ್ಣಮುಂದೆ ಬಂದಾಗಲೆಲ್ಲ ಒಂದು ದಿನ ತಾನೇ, ಒಂದು ದಿನ ತಾನೇ ಅಂದುಕೊಂಡರು.

ಶುಕ್ರವಾರ ತರಗತಿಯ ಮುಂದೆ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು: “ಇವತ್ತು ಯಾರೂ ಯಾರಿಗೂ ಕಾಯ್ಬೇಡಿ. ನಿಮ್ಮದು ಆದ ತಕ್ಷಣ ಒತ್ತಿ.”

ಪಟಾಕಿ ಎದ್ದು ನಿಂತಳು. “ಹಾಗಾದ್ರೆ ಇವಳು, ಸಾರ್?”

“ಅವಳೂ ಒತ್ತುತ್ತಾಳೆ. ಕೂತ್ಕೋ.”

ವೈರಿಗೆ ಕಾಲು ಅಡ್ಡ ಇಟ್ಟು ಕೂತರು. ಮೊದಲನೇ ಲೆಕ್ಕ ಬಂತು. ಟಿಣ್. ಟಿಣ್ ಟಿಣ್. ನಾಲ್ಕೂ ಕಡೆಯಿಂದ ಸದ್ದು. ಎರಡು ಲೆಕ್ಕ ಮುಗಿಯುವಷ್ಟರಲ್ಲಿ ಮಕ್ಕಳಿಗೆ ರುಚಿ ಹತ್ತಿತು, ಯಾರು ಮೊದಲು ಅಂತ ಪೈಪೋಟಿಯೇ ಶುರುವಾಯಿತು. ಪರದೆಯಲ್ಲಿ ಹಸಿರು ಹಬ್ಬುತ್ತಾ ಹೋಯಿತು. ಕೊನೆಗೆ ಮೂವತ್ತೊಂದು ಹಸಿರು. ಕೆಂಪು ಏಳರಲ್ಲಿ ರಬ್ಬರಮ್ಮನದೂ ಒಂದು. ಹೆಡ್ ಮೇಡಂ ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿದರು. “ನೋಡಿದ್ರಾ ಮೇಷ್ಟ್ರೇ? ತರಗತಿ ನಿಮ್ಮದೇ!”

ಮೇಷ್ಟ್ರು ರಬ್ಬರಮ್ಮನ ಕಾಗದ ಇಸಿದುಕೊಂಡು ನೋಡಿದರು. ಮೊದಲ ಮೂರು ಲೆಕ್ಕ ಉಜ್ಜಿ ಉಜ್ಜಿ ಬರೆದಿದ್ದಳು. ನಾಲ್ಕನೆಯದರಿಂದ ಖಾಲಿ. ಏನೂ ಬರೆದಿರಲಿಲ್ಲ, ಉಜ್ಜಿಯೂ ಇರಲಿಲ್ಲ.

ಸೋಮವಾರ ಟ್ಯಾಬ್ ಇಲ್ಲ, ಪರೀಕ್ಷೆ ಇಲ್ಲ, ಬರೀ ನೋಟ್‌ಪುಸ್ತಕದ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ಐದು ಲೆಕ್ಕ ಬರೆದು, ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ ಕುರ್ಚಿಗೆ ಬಂದರು. ಎಲ್ಲ ಮೊದಲಿನಂತಾಯಿತು, ಸದ್ಯ, ಅಂದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೇಜಿನ ಮೇಲೆ ಧಡ್ ಅಂತ ಒಂದು ಪುಸ್ತಕ ಬಿತ್ತು.

“ಆಯ್ತು ಸಾರ್!”

ಪಟಾಕಿ. ಏದುಸಿರು ಬಿಡುತ್ತಾ, ಮುಖ ಅರಳಿಸಿಕೊಂಡು ನಿಂತಿದ್ದಳು. ಒಂದೇ ಪುಸ್ತಕ. ಅವಳ ಹಿಂದೆಯೇ ಇನ್ನೊಬ್ಬ, ಇನ್ನೊಬ್ಬಳು, ಧಡ್, ಧಡ್. ಮೇಷ್ಟ್ರು ಗದರಿಸಲು ಬಾಯಿ ತೆಗೆದರು. ಯಾವ ಮುಖ ಇಟ್ಟುಕೊಂಡು ಗದರಿಸುವುದು?

ಎದ್ದು ಹೋಗಿ ರಬ್ಬರಮ್ಮನ ಬೆಂಚಿನಲ್ಲಿ, ಪಟಾಕಿಯ ಜಾಗದಲ್ಲಿ ಕೂತರು. ಆ ಪುಟ್ಟ ಬೆಂಚಿನಲ್ಲಿ ಮಂಡಿ ಮಡಿಸಲು ಆಗಲಿಲ್ಲ. ರಬ್ಬರಮ್ಮ ಆಗಲೇ ಪೆನ್ಸಿಲ್ಲನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ್ದಳು. ಪುಸ್ತಕದಲ್ಲಿ ಎರಡೇ ಲೆಕ್ಕವಿತ್ತು. ಮೇಷ್ಟ್ರು ಕೆಂಪು ಪೆನ್ನನ್ನು ಕೆಳಗಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು.

“ನೀನು ಮಾಡಮ್ಮ. ನಾನು ಕಾಯ್ತೀನಿ.”

“ಬೇಡ ಸಾರ್” ಅಂದಳು ಹುಡುಗಿ ಮೆಲ್ಲಗೆ. “ನನಗೆ ಯಾರೂ ಕಾಯ್ಬಾರ್ದು.”

“ಹಾಗಂತ ಯಾರು ಹೇಳಿದ್ದು?”

ಅವಳು ಅವರ ಮುಖವನ್ನೇ ನೋಡಿದಳು. “ನೀವೇ ಹೇಳಿದ್ರಲ್ಲ ಸಾರ್.”

ಅವರ ಮೇಜಿನ ಮೇಲೆ ಪುಸ್ತಕಗಳು ಒಂದೊಂದಾಗಿ ಬೀಳುತ್ತಲೇ ಇದ್ದವು. ಮೇಷ್ಟ್ರು ತೊಡೆಯ ಮೇಲಿನ ಕೈ ತೆಗೆಯದೆ, ಬೆಲ್ ಹೊಡೆಯುವ ತನಕ ಅಲ್ಲೇ ಕೂತಿದ್ದರು. ರಬ್ಬರಮ್ಮ ಪೆನ್ಸಿಲ್ ಡಬ್ಬಿಯ ಮುಚ್ಚಳ ತೆರೆಯಲಿಲ್ಲ.