ಬೇಸಿಗೆಯಲ್ಲಿ ಹೇಳಬಾರದ ಕಥೆ

ಸೊಳ್ಳೆ ಅಜ್ಜಿಯ ಕೆನ್ನೆಯ ಮೇಲೆ ಕೂತಿದೆ, ಹೊಡೆಯಲೆಂದು ಎತ್ತಿದ ಕೈ ಹಾಗೇ ನಿಂತಿತು, ಪರದೆಯ ಮೇಲಿನ ಕೆನ್ನೆ ಅದು, ನಿಜವಾದ ಅಜ್ಜಿ ಇರುವುದು ಇಲ್ಲಿಂದ ಎರಡು ತಾಸಿನ ದಾರಿಯ ರಿಸರ್ವಿನಲ್ಲಿ, ಸರ್ಕಾರ ನಮ್ಮ ಜನರಿಗೆಂದು ಗಡಿ ಹಾಕಿಕೊಟ್ಟ ನೆಲದಲ್ಲಿ, ಈಗ ಎದ್ದು ಚಹಾಕ್ಕೆ ನೀರಿಟ್ಟಿರುತ್ತಾಳೆ, ಪರದೆಯೊಳಗೆ ಮಾತ್ರ ಇನ್ನೂ ಜನವರಿ, ಬೆನ್ನ ಹಿಂದಿನ ಕಿಟಕಿ ಪೂರಾ ಬೆಳ್ಳಗೆ, ಮೈಮೇಲೆ ಆ ನೀಲಿ ಸ್ವೆಟರು, ಬಾಯಿ ಅರ್ಧ ತೆರೆದಿದೆ, ಮೊದಲ ಮಾತು ಹೊರಬೀಳುವ ಮುಂಚೆ ನಾನೇ ಗಕ್ಕನೆ ನಿಲ್ಲಿಸಿದ್ದು — ಸೊಳ್ಳೆ ಈಗ ಮೂಗಿನ ಕಡೆ ನಡೆಯುತ್ತಿದೆ, ಜನವರಿಯಲ್ಲಿ ಸೊಳ್ಳೆ, ನೋಡಿದವರು ನಗಬೇಕು, ನನಗೆ ನಗು ಬರುತ್ತಿಲ್ಲ, ಹೊರಗೆ ಜೂನ್, ಪ್ರಿನ್ಸ್ ಆಲ್ಬರ್ಟಿನ ನದಿ ಕೆಸರು ಬಣ್ಣದಲ್ಲಿ ತುಂಬಿ ಹೋಗುತ್ತಿದೆ, ಕರಡಿ ಎದ್ದಾಯಿತು, ಕಪ್ಪೆ ಎದ್ದಾಯಿತು, ಮಣ್ಣಿನಡಿ ಮಲಗಿದ್ದದ್ದೆಲ್ಲ ಎದ್ದು ಕಿವಿ ನಿಮಿರಿಸಿಕೊಂಡು ಕೂತಿದೆ, ಇಂಥ ಹೊತ್ತಿನಲ್ಲಿ ಆ ಕಥೆ ಯಾರ ಬಾಯಿಂದಲೂ ಬರಬಾರದು, ನೆಲದ ಮೇಲೆ ಹಿಮವಿರುವಾಗ ಮಾತ್ರ, ಬೇಸಿಗೇಲಿ ಹೇಳಿದ್ರೆ ಹಾಸಿಗೆಗೆ ಕಪ್ಪೆ ಬರುತ್ತೆ ಕಣೇ ಅನ್ನುತ್ತಿದ್ದಳು ಅಜ್ಜಿ, ಚಿಕ್ಕವಳಿದ್ದಾಗ ನಾನು ಕಂಬಳಿ ಕೊಡವಿ ಕೊಡವಿ ಮಲಗುತ್ತಿದ್ದೆ, ಹೇಳದಿದ್ದರೂ ಸುಮ್ಮನೆ ನೆನೆದದ್ದಕ್ಕೇ ಬಂದುಬಿಟ್ಟರೆ ಅಂತ. ಅಣ್ಣ ಒಂದು ಸಲ ನಡೆದು ಹೋಗುತ್ತಿದ್ದನಂತೆ, ಹಸಿದಿದ್ದನಂತೆ — ಬೇಡ, ನಿಲ್ಲಿಸು, ಬೇಡವೆಂದಷ್ಟೂ ಇದು ತಲೆಯಲ್ಲಿ ತಾನಾಗಿ ಶುರುವಾಗುತ್ತದೆ, ಅವನ ಹೆಸರು ಹಿಡಿದೂ ಕರೆಯಬಾರದು ಈ ಕಾಲದಲ್ಲಿ, ಅಣ್ಣ ಅನ್ನಬೇಕು ಅಷ್ಟೆ, ನಮ್ಮ ಕ್ರೀ ಬುಡಕಟ್ಟಿನ ಜನರಿಗೆಲ್ಲ ಅವನು ಹಿರಿಯಣ್ಣ, ಕಳ್ಳ, ಹೊಟ್ಟೆಬಾಕ, ಲೋಕ ಕಟ್ಟಿದವನು, ಆ ಅಣ್ಣ ಈಗ ಅಜ್ಜಿಯ ಈ ವಿಡಿಯೋ ಜೊತೆ ಕಾಲೇಜಿನ ಬೇಸಿಗೆ ತರಗತಿಯೊಳಗೆ ಬಂದು ಕೂತಿದ್ದಾನೆ, ಒಂದು ಗುಂಡಿ ಒತ್ತಿದರೆ ಎದ್ದು ನಡೆಯುತ್ತಾನೆ, ನಿನ್ನೆಯಿಂದ ನಡೆಯುತ್ತಲೇ ಇದ್ದಾನೆ, ಬೆಳಿಗ್ಗೆ ಗಾರ್ತ್ ಫೋನ್ ಮಾಡುವ ತನಕ ನನಗೆ ಗೊತ್ತೇ ಇರಲಿಲ್ಲ.

ಗಾರ್ತ್ ಪಾಪದವನು, ಬೈಯಲೂ ಆಗದು, ಇತಿಹಾಸದ ಮೇಷ್ಟ್ರು, ನಿವೃತ್ತಿಗೆ ಹತ್ತಿರ, ಮೈಕು ಬಂದ್ ಇಟ್ಟುಕೊಂಡೇ ಅರ್ಧ ಪಾಠ ಮುಗಿಸುವ ಜಾತಿ, ಇಂಥ ಮೇಷ್ಟ್ರುಗಳಿಗೆಲ್ಲ ಆನ್‌ಲೈನ್ ಪಾಠ ಮಾಡಲು ಕಲಿಸುವುದೇ ನನ್ನ ಕೆಲಸ, ಜೊತೆಗೆ ನಮ್ಮ ಜನರ ಇತಿಹಾಸವನ್ನು ಪಾಠದೊಳಗೆ ಹೇಗೆ ತರಬೇಕೆಂದು ಹೇಳಿಕೊಡುವುದೂ ನನ್ನದೇ, ಯಾಕೆಂದರೆ ಕಾಲೇಜಿನ ನಮ್ಮ ಮಹಡಿಯಲ್ಲಿ ಕ್ರೀ ಹೆಂಗಸು ಅಂತಿರುವುದು ನಾನೊಬ್ಬಳೇ. ಜೋಲೀನ್, ನಾನೇನೂ ಮುಟ್ಟಿಲ್ಲ ಕಣಮ್ಮ ಅಂದ ಬೆಳಿಗ್ಗೆ, ಚಳಿಗಾಲದ ಕೋರ್ಸನ್ನ ಬೇಸಿಗೆಗೆ ನಕಲು ಮಾಡು ಅಂತ ಒತ್ತಿದೆ, ಪರೀಕ್ಷೆ ಬಂತು, ನಕ್ಷೆ ಬಂತು, ನಿಮ್ಮಜ್ಜಿನೂ ಬಂದ್ಬಿಟ್ರು, ಈಗೇನ್ಮಾಡ್ಲಿ ಅಂತ, ಜನವರಿಯಲ್ಲಿ ಅವನು ಎಲ್ಲವನ್ನೂ ಕ್ರಮವಾಗಿ ಮಾಡಿದ್ದ, ಹಿರಿಯರನ್ನು ಏನಾದರೂ ಕೇಳುವ ಮೊದಲು ತಂಬಾಕು ಕೊಡಬೇಕು, ಬಟ್ಟೆ ಕೊಡಬೇಕು ಎಂದು ನಾನು ಹೇಳಿದ್ದಕ್ಕೆ, ನಿಕೋಟಿನ್ ಚ್ಯೂಯಿಂಗ್ ಗಮ್ ಆಗುತ್ತಾ, ಹೆಂಡ್ತಿ ಕಾರೊಳಗೆ ತಂಬಾಕು ಇಡೋಕೆ ಬಿಡಲ್ಲ ಅಂದಿದ್ದ, ಅಜ್ಜಿಗೆ ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆಮೇಲೆ ತಂಬಾಕನ್ನೇ ತಂದ, ಹಿಮದಲ್ಲಿ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ ಅವಳ ಅಡುಗೆಮನೆ ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟ. ಅಜ್ಜಿ ಅದೇ ಮೇಜಿನ ಮುಂದೆ ಕೂತು ಇಡೀ ತರಗತಿಗೆ ಕಥೆ ಹೇಳಿದಳು, ಅರ್ಧ ಕ್ರೀ, ಅರ್ಧ ಇಂಗ್ಲಿಷ್, ಪರದೆಯ ಕೆಳಗೆ ಅಕ್ಷರ ಮೂಡಿಸುವ ಯಂತ್ರ ಅಣ್ಣನ ಹೆಸರು ಬಂದಾಗಲೆಲ್ಲ ತಪ್ಪಾಗಿ ಕೇಳಿಸಿಕೊಂಡು ವಿಸ್ಕಿ ವಿಸ್ಕಿ ಅಂತ ಬರೆದುಕೊಂಡು ಹೋಯಿತು, ನನ್ನ ಜನ್ಮದಲ್ಲಿ ಮುಟ್ಟದೇ ಇದ್ದದ್ದನ್ನ ನಿನ್ ಕಾಲೇಜು ನನ್ನ ಬಾಯಿಗೆ ಹುಯ್ತಲ್ಲೇ ಅಂದಳು. ಇವತ್ತು ಕ್ಲಾಸಿಗೆ ಬರದೇ ಇದ್ದವರಿಗೆ ಈ ವಿಡಿಯೋ ಇಟ್ಕೊಳ್ಳಿ, ಹಿಮ ಕರಗೋ ತನಕ, ಆಮೇಲೆ ಅದನ್ನ ಮಲಗಿಸಿ, ಇಷ್ಟೇ ಅವಳು ಕೇಳಿದ್ದು, ಗಾರ್ತ್ ಎದೆ ಮುಟ್ಟಿಕೊಂಡು ಆಗಲಿ ಅಂದಿದ್ದ, ನಾನೂ ಅಂದಿದ್ದೆ. ಕಂಪ್ಯೂಟರು ಅನ್ನಲಿಲ್ಲ.

ಅಡಗಿಸು ಎಂದು ಒತ್ತಿದರೆ ಮುಗಿಯಿತು, ಯಾಕೆ ಒತ್ತುತ್ತಿಲ್ಲ ನಾನು, ಎದ್ದು ಕಿಟಕಿಯ ತನಕ ಹೋದೆ, ಬಂದು ಕೂತೆ, ಕಾಫಿ ತಣ್ಣಗಾಗಿದೆ, ಮತ್ತೆ ಎದ್ದೆ, ಮೈಮೇಲೆ ಹುಳ ಬಿಟ್ಟ ಹಾಗಾಗುತ್ತಿದೆ — ಒತ್ತಿದರೆ ಒಂದು ಚೌಕ ಬಾಯಿ ತೆರೆಯುತ್ತದೆ, ಮತ್ತೆ ಯಾವಾಗ ತೋರಿಸಬೇಕು, ದಿನಾಂಕ ನಮೂದಿಸಿ, ಖಾಲಿ ಚೌಕ, ಅದರೊಳಗೆ ಸಣ್ಣದೊಂದು ಗೆರೆ ಹೊತ್ತಿ ಆರಿ ಹೊತ್ತಿ ಆರಿ ನನ್ನನ್ನೇ ನೋಡುತ್ತದೆ, ನವೆಂಬರ್ ಒಂದು ಅಂತ ಹಾಕ್ಬಿಡು ಅಂದ ಗಾರ್ತ್, ಒಂದು ವರ್ಷ ಹಿಮ ಅಕ್ಟೋಬರಿನಲ್ಲೇ ಬಿದ್ದಿತ್ತು, ಇನ್ನೊಂದು ವರ್ಷ ಕ್ರಿಸ್‌ಮಸ್ ಹತ್ತಿರ ಬಂದರೂ ಒಣ ಹುಲ್ಲು, ಹಿಮಕ್ಕೆ ತಾರೀಖು ಗೊತ್ತಾ, ಬರುವಾಗ ಬರುತ್ತದೆ, ಚೌಕವನ್ನು ಮುಚ್ಚಿ ಮತ್ತೆ ಅಜ್ಜಿಯ ಮುಖಕ್ಕೆ ಬಂದಿದ್ದೆ. ಆದರೆ ತಡೆಯುತ್ತಿರುವುದು ಚೌಕವೊಂದೇ ಅಲ್ಲ, ಆ ಹುಡುಗಿ, ಶೈಲಿನ್, ವಿದ್ಯಾರ್ಥಿಗಳ ಚರ್ಚೆಯ ಪುಟದಲ್ಲಿ ಅವಳು ನಿನ್ನೆ ಬರೆದದ್ದು, ನಾನು ಬೆಳೆದದ್ದು ಪರರ ಮನೆಗಳಲ್ಲಿ, ಸರ್ಕಾರ ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸ್ತಿತ್ತು, ನಮ್ಮಮ್ಮ ನಿದ್ದೇಲಿ ಏನೋ ಮಾತಾಡೋಳು ಅನ್ನೋದೊಂದೇ ನೆನಪು, ಈ ಅಜ್ಜಿ ಬಾಯಲ್ಲಿ ಆ ಸದ್ದು ಬಂತು, ಅದೇ ಭಾಷೆ, ಅರ್ಥ ಆಗ್ಲಿಲ್ಲ, ಮತ್ತೆ ಮತ್ತೆ ಹಾಕಿ ಕೇಳ್ತಿದೀನಿ, ದಯವಿಟ್ಟು ಇದನ್ನ ತೆಗೀಬೇಡಿ. ಅತ್ತ ದರಿ ಇತ್ತ ಪುಲಿ, ಅಜ್ಜಿಗೆ ಕೊಟ್ಟ ಮಾತು ಒಂದು ಕಡೆ, ಈ ಹುಡುಗಿ ಇನ್ನೊಂದು ಕಡೆ, ಮತ್ತೆ ಅಜ್ಜಿಯ ಕಾಲುಗಳು ಊದಿಕೊಂಡಿವೆ, ಎದೆಯಲ್ಲಿ ನೀರು, ಸಸ್ಕಟೂನಿನ ದೊಡ್ಡ ಡಾಕ್ಟರು ನನ್ನನ್ನೂ ಅಮ್ಮನನ್ನೂ ಹೊರಗೆ ಕರೆದು, ಅವರಿಗೆ ಈ ಬೇಸಿಗೆ ಚೆನ್ನಾಗಿ ಕಳೀಲಿ ಅಂತ ಹಾರೈಸೋಣ ಅಂದರು, ಬೇಸಿಗೆ ಅಂದರು, ಬೇಸಿಗೆ ಅಂತಷ್ಟೇ ಅಂದರು, ಅಮ್ಮ ಥ್ಯಾಂಕ್ಯೂ ಎಂದಳು, ಯಾತಕ್ಕೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಜೂನ್, ಮತ್ತೆ ಜೂನ್, ಚಿಕ್ಕಂದಿನಲ್ಲಿ ಅಜ್ಜಿಯನ್ನು ಶಾಲೆಯಿಂದ ಮನೆಗೆ ಬಿಡುತ್ತಿದ್ದದ್ದೂ ಜೂನಿನಲ್ಲೇ, ಸೆಪ್ಟೆಂಬರಿನಲ್ಲಿ ಲಾರಿ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು, ಪಾದ್ರಿಗಳ ಹಾಸ್ಟೆಲ್ ಶಾಲೆಗೆ, ಕ್ರೀ ಮಾತಾಡಿದರೆ ಪಟ್ಟಿ ಏಟು, ಇದೆಲ್ಲ ಈಗ ನಾನು ಮೇಷ್ಟ್ರುಗಳಿಗೆ ಕಲಿಸುವ ಪಾಠದಲ್ಲಿದೆ, ಕೊನೆಯಲ್ಲಿ ಪ್ರಶ್ನೆಗಳಿವೆ, ಸರಿ ಉತ್ತರಕ್ಕೆ ಹಸಿರು ಗುರುತು ಬರುತ್ತದೆ, ಆದರೆ ಒಂದು ವಿಷಯ ಆ ಪಾಠದಲ್ಲಿಲ್ಲ, ನನಗೂ ಹೊಳೆದಿರಲಿಲ್ಲ, ಜನವರಿಯಲ್ಲಿ ಕಥೆ ಮುಗಿಸಿದ ಮೇಲೆ ಎಲ್ಲರೂ ಪರದೆಯಿಂದ ಹೋದ ಮೇಲೆ ಅಜ್ಜಿ ಮೇಜು ಒರೆಸುತ್ತಾ ಹೇಳಿದಳು, ಹಿಮ ಬಿದ್ದಾಗ ನಾವು ಅಲ್ಲಿರ್ತಿದ್ವಿ, ಮನೇಲಿರ್ತಿದ್ದದ್ದು ಬರೀ ಬೇಸಿಗೇಲಿ, ಬೇಸಿಗೇಲಿ ಕಥೆ ಹೇಳೋ ಹಾಗಿಲ್ಲ, ಹಂಗಾಗಿ ನನ್ನ ವಯಸ್ಸಿನವ್ರು ಯಾರೂ ಒಂದು ಕಥೇನೂ ಕೇಳ್ಲಿಲ್ಲ ನೋಸಿಮ್, ನೋಸಿಮ್ ಎಂದರೆ ಮೊಮ್ಮಗಳೇ ಎಂದು, ಆ ಪದವನ್ನು ಅವಳು ಸುಮ್ಮನೆ ಬಳಸುವುದಿಲ್ಲ. ಒಂದು ಸಲ ಆಗಸ್ಟ್ ಕೊನೆಯಲ್ಲಿ ತನ್ನ ಅಜ್ಜಿಯ ಲಂಗ ಹಿಡಿದು ಗೋಗರೆದಿದ್ದಳಂತೆ, ಒಂದೇ ಒಂದು ಹೇಳು, ಚಿಕ್ಕದು ಹೇಳು, ಕಪ್ಪೆ ಬಂದ್ರೆ ನನ್ನ ಹಾಸಿಗೆಗೆ ಬರ್ಲಿ, ಆ ಮುದುಕಿ ಎದ್ದು ಹೊರಗೆ ಹೋಗಿ ಬೆನ್ನು ಮಾಡಿ ನಿಂತುಬಿಟ್ಟಳಂತೆ, ಮುಂದಿನ ಜೂನಿನಲ್ಲಿ ಮನೆಗೆ ಬಂದರೆ ಮುದುಕಿಯ ಜಾಗ ಖಾಲಿ, ಚಳಿಗಾಲದಲ್ಲೇ ಹೋಗಿಬಿಟ್ಟಿದ್ದಳು, ಅಣ್ಣನ ಕಥೆ ಅಜ್ಜಿಗೆ ಸಿಕ್ಕಿದ್ದು ಮದುವೆಯಾದ ಮೇಲೆ, ಅತ್ತೆಯಿಂದ. ಒಂದು ಸಲ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು, ಎಷ್ಟು ಕಪ್ಪೆ ಬರುತ್ತಿದ್ದವು, ಆ ಮುದುಕಿಯ ಮೇಲೆ ನನಗೆ ಸಿಟ್ಟಿದೆ, ಹೌದು, ಇದೆ, ಸತ್ತವಳ ಮೇಲೆ ಸಿಟ್ಟು, ಈಗ ಶೈಲಿನ್ ಲಂಗ ಹಿಡಿದು ನಿಂತಿದ್ದಾಳೆ, ನಾನು ಬೆನ್ನು ಮಾಡಬೇಕಾ, ನನ್ನ ಕೈಲಾಗದು, ಅಜ್ಜಿಯೇ ಹೇಳಲಿ, ಇರಲಿ ಬಿಡು ಪಾಪ ಅನ್ನಲಿ, ಒಂದು ಮಾತು ಅಂದರೆ ಸಾಕು, ಫೋನ್ ಕೈಯಲ್ಲಿದೆ, ರಿಂಗಾಗುತ್ತಿದೆ.

ಯಾರು, ಜೋಲೀನಾ, ಹಗಲು ಹೊತ್ತಲ್ಲಿ ಫೋನ್ ಮಾಡಿದೀಯ ಅಂದ್ರೆ ಯಾರೋ ಸತ್ತಿರ್ಬೇಕು ಇಲ್ಲಾ ನಿನ್ನ ಮದುವೆ ಇರ್ಬೇಕು, ಮದುವೆ ಅಂತೂ ಅಲ್ಲ, ಯಾರು ಸತ್ರು — ಯಾರೂ ಇಲ್ಲ ಅಜ್ಜಿ, ಒಂದು ತಪ್ಪಾಗಿದೆ, ನಿನ್ನ ಕಥೆ, ಜನವರೀದು, ಅದು ಮತ್ತೆ ಹೊರಗೆ ಬಂದುಬಿಟ್ಟಿದೆ, ಹುಡುಗ್ರು ನೋಡ್ತಿದಾರೆ. ಯಾವಾಗ. ಈಗ. ಈಗ ಅಂದ್ರೆ ಈ ಹಸಿರು ಕಾಲದಲ್ಲಾ, ಕೆಟಲ್ ಕೂಗುವ ಸದ್ದು, ಅವಳು ಅದನ್ನು ಆರಿಸಲು ಹೋಗದೆ ನಿಂತಿದ್ದಾಳೆ ಅಂತ ಗೊತ್ತಾಗುತ್ತಿದೆ, ಅದಕ್ಕೇ ಮತ್ತೆ ಅಂದಳು ಕೊನೆಗೆ, ಏನು ಅದಕ್ಕೇ, ನಿನ್ನೆ ಬಚ್ಚಲಲ್ಲಿ ಕಪ್ಪೆ ಕೂತಿತ್ತು, ಇಷ್ಟ್ ದಪ್ಪದ್ದು, ನಾನೇನ್ ಮಾಡಿದೆ ಅಂತ ಅದನ್ನೇ ಕೇಳ್ದೆ, ಎಂದು ನಗುತ್ತಾಳೆ, ನಗು ಕೆಮ್ಮಾಗುತ್ತದೆ, ಕೆಮ್ಮು ನಿಲ್ಲುವುದೇ ಇಲ್ಲ, ತಮಾಷೆಗೆ ಹೇಳಿದಳೋ ನಿಜವಾಗಿ ಇತ್ತೋ ಅವಳ ಬಾಯಿಂದ ಯಾವತ್ತೂ ತಿಳಿಯುವುದಿಲ್ಲ. ಗಾರ್ತ್‌ಗೆ ಬೈಬೇಡ, ಅವ್ನು ಒಳ್ಳೇವ್ನು, ಆದ್ರೆ ತೆಗ್ದುಬಿಡು. ಅಜ್ಜಿ, ಒಬ್ಬಳು ಹುಡುಗಿ ಇದಾಳೆ, ಎಂದು ಶೈಲಿನ್ ಬರೆದದ್ದನ್ನೆಲ್ಲ ಓದಿ ಹೇಳಿದೆ, ಅವಳ ಅಮ್ಮನ ನಿದ್ದೆಯ ಮಾತಿನ ತನಕ, ನಿನ್ನ ಥರಾನೇ ಅಜ್ಜಿ, ಬೇಸಿಗೇಲಿ ಬಂದು ಕೇಳ್ತಿದಾಳೆ, ಎಂದುಬಿಟ್ಟೆ, ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವಳನ್ನ ಸೆಪ್ಟೆಂಬರಲ್ಲಿ ಯಾರಾದ್ರೂ ಲಾರೀಲಿ ತುಂಬ್ಕೊಂಡು ಹೋಗ್ತಾರಾ. ಇಲ್ಲ ಅಜ್ಜಿ. ಹಿಮ ಬಿದ್ದಾಗ ಅವಳು ಇಲ್ಲೇ ಇರ್ತಾಳಾ. ಇರ್ತಾಳೆ. ಹಂಗಾದ್ರೆ ಕಾಯ್ಲಿ ಬಿಡು, ನಮಗೆ ಕಾಯೋಕೂ ಬಿಡ್ಲಿಲ್ಲ ಆ ಪಾದ್ರಿಗಳು, ನಮ್ಮಜ್ಜಿ ಮೇಲೆ ನಾನು ಬಹಳ ದಿನ ಹಲ್ಲು ಕಡೀತಿದ್ದೆ, ಆಮೇಲೆ ತಿಳೀತು, ಹೊರಗೆ ಹೋಗಿ ನಿಂತ್ಳಲ್ಲ, ಅಳ್ತಿದ್ಳು ಕಣೇ, ಅವಳೂ ಬೇಸಿಗೇಲಿ ಹೇಳೋಕೆ ಶುರು ಮಾಡಿದ್ರೆ ಚಳಿಗಾಲ ಪೂರ್ತಿ ಅವ್ರದ್ದೇ ಆಗ್ಬಿಡ್ತಿತ್ತು, ಅದೊಂದನ್ನಾದ್ರೂ ಅವಳು ಅವ್ರಿಗೆ ಬಿಟ್ಕೊಡ್ಲಿಲ್ಲ, ಆ ಹುಡುಗೀಗೆ ಹೇಳು, ಮೊದಲ ಹಿಮ ನಿಂತ ದಿನ ಕರ್ಕೊಂಡು ಬಾ, ನಾನೇ ಹೇಳ್ತೀನಿ, ಡಬ್ಬದೊಳಗಿಂದ ಅಲ್ಲ, ಎದುರಿಗೆ ಕೂರಿಸ್ಕೊಂಡು, ಬ್ಯಾನಕ್ ರೊಟ್ಟಿ ಸುಡ್ತೀನಿ. ಅಜ್ಜಿ, ಹಿಮ ಬೀಳೋ ತನಕ ನೀನು — ಏನು, ಹೇಳು. ಏನಿಲ್ಲ. ಏನಿಲ್ಲ ಅನ್ನೋಕೆ ಇಷ್ಟು ಹೊತ್ತಾ, ನಂಗೆ ಗೊತ್ತು ನೀನೇನ್ ಕೇಳ್ತಿದೀಯ ಅಂತ, ಡಾಕ್ಟ್ರು ನಿಮ್ಮಿಬ್ರನ್ನ ಹೊರಗೆ ಕರೆದಾಗ ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ, ಎಂದಳು, ಕೆಟಲ್ ನೀರು ಬತ್ತೋಗ್ತಿದೆ, ಫೋನ್ ಇಡ್ತೀನಿ, ಎಂದಳು, ಇಟ್ಟಳು.

ಅಡಗಿಸು ಎಂದು ಒತ್ತಿದೆ, ನೀಲಿ ಸ್ವೆಟರು, ಬೆಳ್ಳನೆ ಕಿಟಕಿ, ಅರ್ಧ ತೆರೆದ ಬಾಯಿ ಎಲ್ಲ ಬೂದಿ ಬಣ್ಣವಾಯಿತು, ಬೆನ್ನು ಮಾಡುವುದೆಂದರೆ ಇದೇ ಇರಬೇಕು, ಶೈಲಿನ್‌ಗೆ ಬರೆದೆ, ಇದು ಚಳಿಗಾಲದ ಕಥೆ, ಅಜ್ಜಿ ನಿನ್ನನ್ನು ಮನೆಗೇ ಕರೆದಿದ್ದಾರೆ, ಹಿಮ ಬಿದ್ದ ಮೇಲೆ, ಕಳಿಸಿದ್ದೇ ತಡ ಉತ್ತರ ಬಂತು, ನಿಜವಾಗ್ಲೂ ನನ್ನನ್ನಾ, ಕಾಯ್ತೀನಿ, ಆ ದಿನ ಕೆಲಸಕ್ಕೆ ರಜೆ ಹಾಕ್ಬೇಕು, ಯಾವತ್ತು ಅಂತ ಹೇಳ್ತೀರಾ. ಯಾವತ್ತು, ಅಕ್ಟೋಬರ್ ಇರಬಹುದು, ಈ ವರ್ಷ ಬೇಗ ಬೀಳಬಹುದು, ಉತ್ತರದ ಕಡೆ ಸೆಪ್ಟೆಂಬರಿನಲ್ಲೇ ಬಿದ್ದದ್ದುಂಟು, ಬಿದ್ದು ಕರಗಿದರೆ ಲೆಕ್ಕವಿಲ್ಲ, ನಿಲ್ಲಬೇಕು, ನೆಲದ ಮೇಲೆ ನಿಲ್ಲಬೇಕು, ಅಜ್ಜಿಯೂ ನಿಲ್ಲಬೇಕು, ಊದಿದ ಕಾಲಿನ ಮೇಲೆ, ಒಲೆಯ ಮುಂದೆ, ಜುಲೈ, ಆಗಸ್ಟ್, ಸೆಪ್ಟೆಂಬರ್, ಹಿಮವೇ ಬೇಗ ಬಾ, ಬೇಸಿಗೆ ಚೆನ್ನಾಗಿ ಕಳೀಲಿ ಅಂದರು, ಬೇಗ ಕಳೀಲಿ, ಇಲ್ಲ, ಕಳೆಯುವುದೇ ಬೇಡ, ಏನು ಬೇಡಿಕೊಳ್ಳಬೇಕೋ ತಿಳಿಯುತ್ತಿಲ್ಲ, ಚೌಕ ಕಾಯುತ್ತಿದೆ, ದಿನಾಂಕ ನಮೂದಿಸಿ, ಬೆರಳು ಕೀಲಿಯ ಮೇಲಿದೆ, ಒಂದಂಕಿ ಒತ್ತಿ ಅಳಿಸಿದೆ, ಮತ್ತೊಂದು ಒತ್ತಿ ಅಳಿಸಿದೆ, ದಿನಾಂಕ ನಮೂದಿಸಿ, ಖಾಲಿ ಚೌಕದಲ್ಲಿ ಆ ಗೆರೆ, ಹೊತ್ತುತ್ತದೆ, ಆರುತ್ತದೆ, ಹೊತ್ತುತ್ತದೆ, ಆರುತ್ತದೆ, ಹೊತ್ತುತ್ತದೆ —