ಮೊಟ್ಟೆಗೆ ಕಾವಲು

ನನ್ನ ಗಂಡ ಹಳಿಯಲ್ಲಿ ಜಲ್ಲಿ ಸರಿಪಡಿಸುತ್ತಿದ್ದಾಗ ತಿರುವಿನಿಂದ ಬಂದ ರೈಲಿಗೆ ಸಿಕ್ಕಿ ಸತ್ತ. ಅಂದು ತಿರುವಿನಲ್ಲಿ ಬಾವುಟ ಹಿಡಿದು ಸೀಟಿ ಊದುವವರು ಯಾರೂ ಇರಲಿಲ್ಲ. ಆಳಿನ ಕೊರತೆ ಎಂದರು. ವರದಿಯಲ್ಲಿ ಮಾತ್ರ 'ಸ್ವಂತ ಅಜಾಗರೂಕತೆ' ಎಂದು ಬರೆದರು. ಎಂಟು ತಿಂಗಳ ಮೇಲೆ ನನಗೆ ಅವನಿದ್ದ ಹಳಿ ರಿಪೇರಿ ಗ್ಯಾಂಗಿನಲ್ಲೇ ಕೆಲಸ ಕೊಟ್ಟರು. ಬಾವುಟ, ಸೀಟಿ, ಅದೇ ತಿರುವು.

ಕಳೆದ ವಾರ ಎರಡು ರೈಲುಮಾರ್ಗಗಳ ನಡುವಿನ ಜಲ್ಲಿಯಲ್ಲಿ ಟಿಟ್ಟಿಭ ಹಕ್ಕಿಯೊಂದು ನಾಲ್ಕು ಮೊಟ್ಟೆ ಇಟ್ಟಿತು. ಕಡ್ಡಿಯಿಲ್ಲ, ಹುಲ್ಲಿಲ್ಲ; ಬರಿಯ ಕಲ್ಲಿನ ಮೇಲೆ ಕಲ್ಲಿನದೇ ಬಣ್ಣದ ಮೊಟ್ಟೆ. ಬೇಲಿಯಾಚೆ ಹೆದ್ದಾರಿ. ಪಕ್ಕದಲ್ಲೇ ರೈಲು ಹೋದರೂ ಅದು ಕದಲುವುದಿಲ್ಲ. ಮನುಷ್ಯರು ಬಂದರೆ ಮಾತ್ರ ಕಿರುಚಿಕೊಂಡು ತಲೆಗೆ ಎರಗುತ್ತದೆ.

ಮೊದಲು ಕಂಡವಳು ನಾನೇ. ಪ್ರಾಣಿಶಾಸ್ತ್ರ ಓದಿದವಳು, ಸುಮ್ಮನಿರಲಾಗಲಿಲ್ಲ. ಸುತ್ತ ನಾಲ್ಕು ಕಲ್ಲಿಗೆ ಸುಣ್ಣ ಬಳಿದರೆ ಸಾಕು, ಯಾರೂ ತುಳಿಯುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿದೆ. ಮೇಸ್ತ್ರಿ ಇಂಜಿನಿಯರಿಗೆ ಹೇಳಿದ. ಇಂಜಿನಿಯರ್ ಪತ್ರಿಕೆಯವರಿಗೆ ಹೇಳಿದರು.

"ಇವತ್ತಿಂದ ನೀನು ಮೊಟ್ಟೆ ಹತ್ರ ನಿಂತ್ಕೊ ತಂಗಿ," ಎಂದ ಮೇಸ್ತ್ರಿ. "ಫೋಟೋದವರು ಬರ್ತಾರೆ. ಸ್ವಲ್ಪ ನಗುಮುಖ ಇರ್ಬೇಕಂತೆ."

"ತಿರುವಿಗೆ ಯಾರು?"

"ಯಾರೂ ಇಲ್ಲ. ಕಿವಿ ನೆಟ್ಟಗೆ ಇಟ್ಕೊಂಡು ಕೆಲಸ ಮಾಡ್ತೀವಿ."

"ಲಾರಿ ಸದ್ದಲ್ಲಿ ಕಿವಿಗೇನು ಕೇಳುತ್ತೆ ಅಣ್ಣ?"

ಗ್ಯಾಂಗಿನ ಮುದುಕ ಸನಿಕೆ ಹೆಗಲಿಗೇರಿಸಿದ. "ಮುಂದಿನ ಜನ್ಮದಲ್ಲಿ ಮೊಟ್ಟೆ ಇಡೋದು ಕಲ್ತುಕೊಂಡೇ ಬರ್ತೀನಿ ಕಣಮ್ಮ. ಆಗ ನನಗೂ ಕಾವಲು ಸಿಗುತ್ತೆ."

ಯಾರೂ ನಗಲಿಲ್ಲ. ಆರು ಜನ ತಿರುವಿನ ಕಡೆ ಹೋದರು.

ಹಕ್ಕಿ ನನ್ನ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚಿತು. ಒಂದು ಗಳಿಗೆ, ನಾಲ್ಕನ್ನೂ ಬೂಟಿನಡಿ ಹೊಸಕಿಬಿಡಬೇಕೆನಿಸಿತು. ಆದರೆ ಕಾವಲು ಬೇಕೆಂದು ಅದೇನೂ ಅರ್ಜಿ ಹಾಕಿರಲಿಲ್ಲ.

ಇಂಜಿನಿಯರ್ ಕ್ಯಾಮೆರಾದವನೊಂದಿಗೆ ಬಂದರು. "ಬಾವುಟ ಸ್ವಲ್ಪ ಮೇಲೆತ್ತಮ್ಮ. ಹಾಂ, ಹಾಗೇ."

ನಾನು ಬಾವುಟ ಸುತ್ತಿಕೊಂಡು ತಿರುವಿನ ಕಡೆ ಹೊರಟೆ.

"ಏಯ್, ಎಲ್ಲಿಗೆ? ಮೊಟ್ಟೆ?"

"ಅದಕ್ಕೆ ಅದರ ತಾಯಿ ಇದೆ ಸಾರ್. ಅಲ್ಲಿರೋ ಆರು ಜನರ ತಾಯಂದಿರು ಮನೇಲಿದ್ದಾರೆ."

"ಕೆಲಸ ಹೋಗುತ್ತೆ, ನೋಡ್ಕೊ!"

"ತಿರುವು ಬಿಟ್ಟು ಮೊಟ್ಟೆ ಕಾಯ್ಬೇಕು ಅಂತ ಬರೆದು ಸಹಿ ಹಾಕಿಕೊಡಿ. ಅದನ್ನೂ ಪೇಪರಿನವರಿಗೆ ಕೊಡೋಣ."

ಅವರ ಜೇಬಿನಲ್ಲಿ ಪೆನ್ನಿತ್ತು. ಕೈ ಅಲ್ಲಿಗೆ ಹೋಗಲಿಲ್ಲ.

ತಿರುವಿಗೆ ಓಡಿದೆ. ರೈಲು ಕೇಳಿಸಲಿಲ್ಲ, ಕಂಡಿತು. ಸೀಟಿ ಊದಿದೆ. ಆರು ಜನವೂ ಬದಿಗೆ ಸರಿದರು. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

"ಸಾಕು ತಂಗಿ, ರೈಲು ಹೋಯ್ತು!" ಮೇಸ್ತ್ರಿ ಕೈಬೀಸಿ ಕೂಗುತ್ತಿದ್ದ.

ನಾನು ಊದುವುದನ್ನು ನಿಲ್ಲಿಸಲಿಲ್ಲ.