ನಕಲಿನೊಳಗಿನ ಕೆಂಪು ಸಾಲು

ಸೂರ್ಯಕಾಂತನಿಗೆ ಐವತ್ತೊಂದು. ನಾಚಾರಂನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಎರಕದ ಅಚ್ಚು ಮಾಡಿದ ಕೈ ಅದು. ಕಾರ್ಖಾನೆಗೆ ಬೀಗ ಬಿದ್ದು ನಾಲ್ಕು ತಿಂಗಳಾಯಿತು, ಹೆಂಡತಿ ಶಿವದೇವಿಗೆ ಇನ್ನೂ ಹೇಳಿಲ್ಲ. ಪುಣ್ಯಾತ್ಮ ದಿನಾ ಅದೇ ಬುತ್ತಿ ಹಿಡಿದು ಹೊರಡುತ್ತಾನೆ. ನಾಚಾರಂಗಲ್ಲ, ಕೋಠಿಯಲ್ಲಿ ವೆಬ್ ಪುಟ ಮಾಡಲು ಕಲಿಸುವ ಕ್ಲಾಸಿಗೆ. ಇವತ್ತು ಮಿಯಾಪುರದ ಸಣ್ಣ ಆಫೀಸೊಂದರಲ್ಲಿ ಪರೀಕ್ಷೆ. ಕೊಟ್ಟ ಪುಟವನ್ನು ಒಂದು ಗಂಟೆಯೊಳಗೆ ತಿದ್ದಿ ತೋರಿಸಿದರೆ ನೌಕರಿ. ಇದಕ್ಕೆ ಮೊದಲು ಮೂರು ಕಡೆ ಅವನ ವಯಸ್ಸು ನೋಡಿಯೇ ಕೈ ಮುಗಿದು ಕಳಿಸಿದ್ದರು.

ಕೂತವನೇ ಪುಟವನ್ನು ಬ್ರೌಸರಿನಲ್ಲಿ ತೆರೆದು ನೋಡಿದ. ಆಮೇಲೆ ಅಚ್ಚಿನವರ ಮೊದಲ ಪಾಠದಂತೆ ಅದರದೊಂದು ನಕಲು ಮಾಡಿಕೊಂಡ. ಅಸಲಿಗೆ ಕೈ ಹಚ್ಚಬಾರದು, ಕೆಟ್ಟರೆ ನಕಲು ಕೆಡಲಿ. ನಕಲನ್ನು ಎಡಿಟರಿನಲ್ಲಿ ಸರಸರ ತಿದ್ದಿ, ಸೇವ್ ಮಾಡಿ, ಬ್ರೌಸರಿಗೆ ಹೋಗಿ ರಿಫ್ರೆಶ್ ಒತ್ತಿದ.

ಪುಟ ಇದ್ದ ಹಾಗೇ ಇತ್ತು.

ಮತ್ತೆ ಒತ್ತಿದ. ಊಹೂಂ. ತಲೆಬರಹದ ಬಣ್ಣ ಬದಲಿಸಿದ, ಚಿತ್ರ ದೊಡ್ಡದು ಮಾಡಿದ, ಒಂದೂ ಕಾಣಲೊಲ್ಲದು. ಅಂಗಿ ಬೆವರಿಗೆ ಬೆನ್ನಿಗಂಟಿತು. ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಅಮೋಲ್‌ನನ್ನು ಕೇಳಬಹುದಿತ್ತಲ್ಲ! ಕೇಳಲಿಲ್ಲ. ಮೊಂಡುತನಕ್ಕೆ ಮದ್ದೆಲ್ಲಿದೆ ಹೇಳಿ? ಉಳಿದದ್ದು ಹನ್ನೆರಡು ನಿಮಿಷ.

ಏನಾದರೊಂದು ಕಾಣುತ್ತದೋ ಇಲ್ಲವೋ ನೋಡೇಬಿಡೋಣ ಎಂದು ಪುಟದ ನೆತ್ತಿಯ ಮೇಲೆ ದಪ್ಪ ಕೆಂಪಕ್ಷರದಲ್ಲಿ ಬರೆದ: "ಕಾಣಸವ್ವಾ ತಾಯಿ! ಈ ನೌಕರಿ ಸಿಗದಿದ್ರ ಶಿವದೇವಿಗೆ ಹ್ಯಾಂಗ ಮಾರಿ ತೋರಿಸ್ಲಿ? ಕಾರ್ಖಾನಿ ಬಂದ್ ಆಗೇತಂತ ಇನ್ನೂ ಹೇಳಿಲ್ಲ." ಸೇವ್ ಮಾಡಿ ಮತ್ತೆ ಒತ್ತಿದ. ಅದೂ ಕಾಣಲಿಲ್ಲ. ಅವನ ಕಣ್ಣು ತುಂಬಿ ಬಂತು.

"ಆತೇನ್ರಿ?" ಆಫೀಸಿನ ಒಡತಿ ನಳಿನಿ ಬೆನ್ನ ಹಿಂದೆ ನಿಂತಿದ್ದಳು. ಬೀದರ್ ಕಡೆಯವಳು.

"ಏನ್ ಮಾಡಿದ್ರೂ ಬದಲಾಗವಲ್ದ್ರಿ ಮೇಡಂ. ನನ್ನ ಕೈಲೆ ಆಗೂದಿಲ್ಲ ಬಿಡ್ರಿ," ಎಂದು ಸೂರ್ಯಕಾಂತ ಎದ್ದೇಬಿಟ್ಟ.

ಅವಳು ಬಗ್ಗಿ ಎರಡೂ ಕಡೆಯ ಫೈಲಿನ ಹೆಸರು ನೋಡಿದಳು. "ಅಯ್ಯ, ನೀವು ತಿದ್ದಿದ್ದು ನಕಲು, ನೋಡಾಕತ್ತಿದ್ದು ಅಸಲಿ! ಹಿಂಗಾದ್ರ ಹ್ಯಾಂಗ ಕಾಣ್ತೈತ್ರಿ?" ಎಂದವಳೇ ಎಡಿಟರಿನಿಂದ ನಕಲನ್ನೇ ಬ್ರೌಸರಿಗೆ ಕಳಿಸಿದಳು.

"ಬ್ಯಾಡ್ರಿ ಮೇಡಂ, ಬ್ಯಾಡ್ರಿ!" ಎನ್ನುವಷ್ಟರಲ್ಲಿ ಕೆಂಪಕ್ಷರ ಪರದೆಯ ಮೇಲೆ ಬಂದು ನಿಂತಿತ್ತು.

ನಳಿನಿ ಓದಿದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು ಸೂರ್ಯಕಾಂತನಿಗೆ. ಅವಳು ಕೆಳಗಿನದನ್ನೂ ಸಾವಕಾಶವಾಗಿ ನೋಡಿ ಮುಗಿಸಿದಳು.

"ಕೆಲಸ ಬರೋಬ್ಬರಿ ಐತಿ. ಆ ಸಾಲೊಂದು ಅಳಸ್ರಿ, ಸೋಮವಾರದಿಂದ ಬರ್ರಿ." ಎರಡು ಹೆಜ್ಜೆ ಹೋದವಳು ತಿರುಗಿದಳು. "ಅದನ್ನ ನನಗ ತೋರಿಸಿ ಏನ್ ಉಪಯೋಗ್ರಿ? ಓದಬೇಕಾದೋರು ಮನ್ಯಾಗ ಅದಾರ."

ಮಧ್ಯಾಹ್ನ ಒಂದು ಗಂಟೆಗೆ ದಿನದಂತೆ ಶಿವದೇವಿಯ ಫೋನು. "ಊಟ ಆತೇನ್ರಿ?"

ಅವನು ಸಾಲನ್ನಿನ್ನೂ ಅಳಿಸಿರಲಿಲ್ಲ. ಅದನ್ನೇ ನೋಡುತ್ತ, "ದೇವಿ, ನಾ ನಾಚಾರಂದಾಗ ಇಲ್ಲ," ಎಂದ.

"ಗೊತ್ತೈತ್ರಿ," ಎಂದಳು ಶಿವದೇವಿ. "ನಾಕ ತಿಂಗಳಾತು, ನಿಮ್ಮ ಫೋನಿನ್ಯಾಗ ಮಷೀನಿನ ಸಪ್ಪಳನ ಇಲ್ಲ. ಈಗರ ಹೇಳ್ರಿ, ದಿನಾ ಎಲ್ಲಿ ಕುಂತು ಉಣ್ಣಾಕತ್ತೀರಿ?"